ರೊಟ್ಟಿಯ ಜೊತೆಗಿನ ಕಾಳು: ಹುಬ್ಬಳ್ಳಿ-ಧಾರವಾಡದ ಅಡುಗೆಮನೆಯ ಚರಿತ್ರೆ

ಚರಿತ್ರೆಯ ಪುಸ್ತಕಗಳಲ್ಲಿ ಕೋಟೆ ಕಟ್ಟಿಸಿದವರ ಹೆಸರುಗಳು ಸಿಗುತ್ತವೆ. ಆ ಕೋಟೆಗೆ ಕಲ್ಲು ಹೊತ್ತವರು ಮಧ್ಯಾಹ್ನ ಬುತ್ತಿ ಬಿಚ್ಚಿ ಏನು ಉಂಡರೆಂಬುದು ಸಿಗುವುದಿಲ್ಲ. ಹುಬ್ಬಳ್ಳಿ-ಧಾರವಾಡ ಸೀಮೆಯ ಮಟ್ಟಿಗೆ ಇದಕ್ಕೆ ಉತ್ತರ ಹುಡುಕಲು ನಾವು ಬಹಳ ದೂರ ಹೋಗಬೇಕಿಲ್ಲ. ಹೊಲದ ಬದುವಿನ ಮೇಲೆ ಕುಳಿತ ಆಳುಗಳ, ಗಾರೆ ಕೆಲಸದವರ, ಮಾರುಕಟ್ಟೆಯ ಹಮಾಲರ ಬುತ್ತಿಗಳಲ್ಲಿ ಇಂದಿಗೂ ಜೋಳದ ರೊಟ್ಟಿ, ಅದರೊಳಗೆ ಮಡಚಿಟ್ಟ ಕಾಳುಪಲ್ಯ ಇಲ್ಲವೆ ಝುಣಕ, ಒಂದಿಷ್ಟು ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಕಾಣಸಿಗುತ್ತವೆ.

ಈ ಊಟವನ್ನು ಬಡವರ ಊಟವೆಂದು ಕರೆಯುವುದು ರೂಢಿ. ಅದು ಅಗ್ಗದ ಊಟವೆಂಬುದು ನಿಜ. ಆದರೆ ಸಾವಿರಾರು ವರ್ಷಗಳಿಂದ ಈ ಒಣಭೂಮಿಯ ದುಡಿಯುವ ಜನರನ್ನು ನಿಲ್ಲಿಸಿದ್ದು ರೊಟ್ಟಿಯೊಂದೇ ಅಲ್ಲ, ಅದರ ಪಕ್ಕದ ಕಾಳು ಕೂಡ. ಆ ಕಾಳನ್ನು ಯಾರಾದರೂ ಹೆಚ್ಚುವರಿ ಸಾಮಾನೆಂದು ಲೆಕ್ಕ ಹಾಕಿದಾಗಲೆಲ್ಲ ಬಡವರ ಮೈ ಅದರ ಬೆಲೆ ತೆತ್ತಿದೆ. ಈ ಬರಹದಲ್ಲಿ ನಾವು ಹೇಳಹೊರಟಿರುವುದು ಇಷ್ಟನ್ನೇ.

ರೊಟ್ಟಿಗಿಂತ ಹಳೆಯ ಕಾಳು

ತುಂಗಭದ್ರೆಯ ದಂಡೆಯ ಹಳ್ಳೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಈಗ ಅದು ಹಾವೇರಿ ಜಿಲ್ಲೆಗೆ ಸೇರಿದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದರು. ಮುಂದೆ ಸಸ್ಯ ಪುರಾತತ್ವ ತಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹಳ್ಳೂರು ಮತ್ತು ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಬೀಜಗಳನ್ನು ಹೆಕ್ಕಿದರು. ಹೀಗೆ ದಕ್ಷಿಣದ ಈ ಹಳೆಯ ನೆಲೆಗಳಿಂದ ದೊರೆತ ಮುಖ್ಯ ಬೆಳೆಗಳೆಂದರೆ ಕೊರಲೆಯಂಥ ಕಿರುಧಾನ್ಯಗಳು, ಹುರುಳಿ ಮತ್ತು ಹೆಸರು. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ನೆಲದ ರೈತರು ಧಾನ್ಯ ಮತ್ತು ಕಾಳುಗಳನ್ನು ಜೊತೆಯಾಗಿ ಬೆಳೆಯುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉತ್ತರ ಕರ್ನಾಟಕದ ಗುರುತೇ ಆಗಿಹೋಗಿರುವ ಜೋಳ ಈ ನೆಲದ್ದಲ್ಲ. ಅದು ಆಫ್ರಿಕಾದಿಂದ ಬಂದದ್ದು. ಅದು ಇಲ್ಲಿ ನೆಲೆಯೂರುವ ಮೊದಲೇ ಹುರುಳಿ ಮತ್ತು ಹೆಸರು ಇಲ್ಲಿನ ಮಡಕೆಗಳಲ್ಲಿ ಬೇಯುತ್ತಿದ್ದವು. ಅವರೆ, ಅಲಸಂದಿಗಳೂ ಆಫ್ರಿಕಾದ ಕಡೆಯವು. ತೊಗರಿಯ ಕಾಡು ಸಂಬಂಧಿ ಒಡಿಶಾ-ಬಸ್ತರದ ಕಾಡುಗಳಲ್ಲಿದೆ. ಕಡಲೆಯ ಮೂಲ ಇಂದಿನ ಟರ್ಕಿಯ ಆಗ್ನೇಯ ಭಾಗ. ಶೇಂಗಾ ದಕ್ಷಿಣ ಅಮೆರಿಕದಿಂದ ಸಮುದ್ರ ದಾಟಿ ಬಂತು. ಧಾರವಾಡದ ಒಂದು ತಾಟಿನಲ್ಲಿ ಮೂರು ಖಂಡಗಳ ಬೀಜಗಳು ಕೂಡಿವೆ. ಉಣ್ಣುವವರು ಇದು ಯಾರದೆಂದು ಕೇಳಲಿಲ್ಲ. ಅದು ತಮ್ಮ ಎರಿಮಣ್ಣಿನಲ್ಲಿ ಬೆಳೆಯುವುದೇ, ಹೊಟ್ಟೆ ತುಂಬಿಸುವುದೇ ಎಂದಷ್ಟೇ ನೋಡಿದರು.

ಹೊಲದಲ್ಲಿಯೂ ಧಾನ್ಯ-ಕಾಳುಗಳ ಈ ಜೊತೆ ಇತ್ತು. ಜೋಳದ ನಡುವೆ ತೊಗರಿ, ಮಡಿಕಿ, ಅಲಸಂದಿಗಳ ಅಕ್ಕಡಿ ಸಾಲು ಹಾಕುವುದು ಈ ಸೀಮೆಯ ಹಳೆಯ ಕ್ರಮ. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಮಣ್ಣಿಗೂ ಅದರ ಪಾಲು ಸಿಗುತ್ತದೆ. ರೈತನಿಗೆ ಸಾರಜನಕದ ಹೆಸರು ತಿಳಿದಿರಲಿಲ್ಲ. ಹೆಸರು ಬೆಳೆದ ಹೊಲದಲ್ಲಿ ಹಿಂಗಾರಿ ಜೋಳ ಚೆನ್ನಾಗಿ ಬರುತ್ತದೆಂಬುದು ತಿಳಿದಿತ್ತು.

ಅರಮನೆಯ ಪುಸ್ತಕ, ಜನರ ಗಡಿಗೆ

ಕನ್ನಡ ನಾಡಿನ ಅಡುಗೆಗೆ ಲಿಖಿತ ದಾಖಲೆಗಳ ಕೊರತೆಯಿಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಬೇಳೆಗಳಿಂದ ಮಾಡುವ ವಡೆ ಮತ್ತಿತರ ತಿನಿಸುಗಳಿವೆ. 1508ರ ಹೊತ್ತಿಗೆ ಮೂರನೆಯ ಮಂಗರಸ ಕನ್ನಡದಲ್ಲಿಯೇ ಸೂಪಶಾಸ್ತ್ರವನ್ನು ಬರೆದ. ಇವೆಲ್ಲ ಬಹುಮಟ್ಟಿಗೆ ಉಳ್ಳವರ ಅಡುಗೆಯ ದಾಖಲೆಗಳು. ಆದರೂ ಅರಮನೆಯ ರುಚಿಗೂ ಗುಡಿಸಲಿನ ಹಸಿವೆಗೂ ಸಾಮಾನ್ಯವಾಗಿದ್ದ ಪದಾರ್ಥ ಬೇಳೆಯೇ ಎಂಬುದು ಅವುಗಳಿಂದ ಗೊತ್ತಾಗುತ್ತದೆ. ವ್ಯತ್ಯಾಸವಿದ್ದದ್ದು ತುಪ್ಪ ಮತ್ತು ಸಂಬಾರದ ಪ್ರಮಾಣದಲ್ಲಿ.

ಹೊರಗಿನಿಂದ ಬಂದ ಪ್ರವಾಸಿಗಳ ಕಣ್ಣಿಗೂ ಇದು ಬಿದ್ದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತಾ, ಈ ದೇಶದ ಜನ ಹೆಸರನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪ ಹಾಕಿ ಮುಂಜಾನೆ ಉಣ್ಣುತ್ತಾರೆಂದು ಬರೆದ. ಅದೇ ಖಿಚಡಿ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿ ಕುದುರೆಗಳಿಗೂ ಕಾಳು ಮತ್ತು ಖಿಚಡಿಯನ್ನು ತಿನ್ನಿಸುತ್ತಾರೆಂದು ಬೆರಗಾದ. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ ಐನ್-ಎ-ಅಕ್ಬರಿಯಲ್ಲಿ ಖಿಚಡಿಗೆ ಅಕ್ಕಿ, ಬೇಳೆ, ತುಪ್ಪ ಮೂರನ್ನೂ ಸಮತೂಕ ಹಾಕಬೇಕೆಂದಿದೆ. ಬಡವರ ಖಿಚಡಿಯಲ್ಲಿ ಆ ತುಪ್ಪ ಎಲ್ಲಿಂದ ಬರಬೇಕು?

1573ರಲ್ಲಿ ಧಾರವಾಡ ಬಿಜಾಪುರದ ಆದಿಲ್‌ಶಾಹಿಗಳ ವಶವಾಯಿತು. ದಖ್ಖನಿನ ಈ ದೀರ್ಘ ಸಹವಾಸದಲ್ಲಿ ಬೆಳೆದ ಅಡುಗೆಗಳಲ್ಲಿ ದಾಲ್ಚಾ ಒಂದು. ಕಡಲೆ ಇಲ್ಲವೆ ತೊಗರಿಬೇಳೆ, ಸೋರೆಕಾಯಿ, ಹುಣಸೆಹುಳಿಗಳ ಜೊತೆಗೆ ಮೂಳೆಸಹಿತ ಒಂದಿಷ್ಟು ಮಾಂಸ ಹಾಕಿ ಕುದಿಸುವ ಈ ಸಾರು ಮದುವೆ, ಉರುಸುಗಳಲ್ಲಿ ನೂರಾರು ಮಂದಿಗೆ ಸಾಕಾಗುತ್ತದೆ. ಒಂದೆರಡು ಕಿಲೊ ಮಾಂಸದ ರುಚಿಯನ್ನು ಇಡೀ ಪಂಗತಿಗೆ ಹಂಚುವ ಉಪಾಯವದು. ಮೊಹರಮ್ಮಿನ ದಿನ ಗೋಧಿ, ಹಲವು ಬೇಳೆ ಮತ್ತು ಮಾಂಸ ಕೂಡಿಸಿ ಬೇಯಿಸುವ ಖಿಚಡಾದಲ್ಲಿಯೂ ಇದೇ ಲೆಕ್ಕವಿದೆ. ಹಿಂದೂ ಮನೆಗಳಲ್ಲಿ ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ನೀರನ್ನು ಬಸಿದು ಕಟ್ಟಿನ ಸಾರು ಮಾಡುತ್ತಾರೆ; ಹಬ್ಬದ ಸಿಹಿಯ ಖರ್ಚಿನಲ್ಲಿಯೇ ಸಾರೂ ಆಗಿಬಿಡುತ್ತದೆ. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಬುಟ್ಟಿಯಲ್ಲಿ ಸಜ್ಜಿರೊಟ್ಟಿಯ ಜೊತೆ ಮಡಿಕಿಕಾಳಿನ ಪಲ್ಯ ಇರಲೇಬೇಕು. ಪುಂಡಿಪಲ್ಯಕ್ಕೂ ಒಂದು ಹಿಡಿ ಬೇಳೆ ಬೀಳಬೇಕು. ಹಬ್ಬಗಳು ಬೇರೆಯಾದರೂ, ಇರುವುದರಲ್ಲಿ ಎಲ್ಲರಿಗೂ ಉಣಿಸುವ ಹೆಂಗಸರ ಜಾಣ್ಮೆ ಒಂದೇ.

ಒಂದು ಪೌಂಡ್ ಧಾನ್ಯದ ಲೆಕ್ಕ

1876ರಲ್ಲಿ ಮಳೆ ಕೈಕೊಟ್ಟಾಗ ಈ ಜಾಣ್ಮೆಗೂ ಮೀರಿದ ಸಂಕಟ ಬಂತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆ 1876-78ರ ಮಹಾಕ್ಷಾಮದಲ್ಲಿ ಕಡುಕಷ್ಟ ಕಂಡ ಜಿಲ್ಲೆಗಳಲ್ಲಿ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಇಲ್ಲಿನ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಇಳಿಯಿತು.

ಈ ಕ್ಷಾಮದ ನಡುವೆ, 1877ರ ಆರಂಭದಲ್ಲಿ, ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲೆ ಒಂದಿಷ್ಟು ಚಿಲ್ಲರೆ ಕಾಸು ಸಾಕೆಂದು ಲೆಕ್ಕ ಹಾಕಿದ. ಖಜಾನೆಯ ಉಳಿತಾಯವೇ ಅವನ ಗುರಿಯಾಗಿತ್ತು. ಮದ್ರಾಸ್ ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದನ್ನು ಬಹಿರಂಗವಾಗಿ ವಿರೋಧಿಸಿದ. ಬರಿಯ ಧಾನ್ಯದ ಮೇಲೆ ಮೈಮುರಿದು ದುಡಿಯುವ ದೇಹ ನಿಲ್ಲುವುದಿಲ್ಲ, ಧಾನ್ಯವನ್ನು ಒಂದೂವರೆ ಪೌಂಡಿಗೆ ಏರಿಸಿ ಅದರೊಡನೆ ಬೇಳೆ, ತರಕಾರಿಗಳಿಗೂ ದಾರಿ ಮಾಡಬೇಕೆಂದು ಅವನು ವಾದಿಸಿದ. ಮುಂಬಯಿ ಪ್ರಾಂತದಲ್ಲಿ ಕೂಲಿ ಕಡಿತದ ವಿರುದ್ಧ ಸಾವಿರಾರು ಜನ ಕಾಮಗಾರಿ ಬಿಟ್ಟು ಹೊರನಡೆದರು. ಮದ್ರಾಸ್ ಸರ್ಕಾರ ಕೆಲವೇ ತಿಂಗಳಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು. ಅಷ್ಟರಲ್ಲಿ ಹೋಗಬಾರದ ಜೀವಗಳು ಹೋಗಿದ್ದವು.

ಕಾರ್ನಿಶ್ ಹೇಳಿದ್ದನ್ನು ವಿಜ್ಞಾನ ಮುಂದೆ ವಿವರಿಸಿತು. ಜೋಳದಂಥ ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯಗಳಲ್ಲಿ ಸಿಗುತ್ತದೆ. ಎರಡೂ ಕೂಡಿದರೆ ದೇಹಕ್ಕೆ ದಕ್ಕುವ ಪ್ರೋಟೀನಿನ ಗುಣ ಹೆಚ್ಚುತ್ತದೆ. ಜೋಳವನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿ ಚರ್ಮ ಕಪ್ಪಿಟ್ಟು ಸುಲಿಯುವ ಪೆಲ್ಲಾಗ್ರ ರೋಗ ಕಾಣಿಸಿಕೊಳ್ಳುವುದನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಅಧ್ಯಯನ ಮಾಡಿದರು.

ಮೊಳಕೆಕಾಳಿನ ಕತೆಯೂ ಹೀಗೆಯೇ ಇದೆ. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾದ ಕುತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕ ಸೇನೆಯಲ್ಲಿ ಮರಾಠಾ ಪಲ್ಟನ್ನುಗಳೂ ಇದ್ದವು. ಅಲ್ಲಿನ ಭಾರತೀಯ ಸಿಪಾಯಿಗಳು ತಾಜಾ ತರಕಾರಿ ಇಲ್ಲದೆ ಸ್ಕರ್ವಿ ರೋಗದಿಂದ ನರಳಿದರು. ಆ ವರ್ಷಗಳಲ್ಲಿಯೇ ಲಂಡನ್ನಿನ ವಿಜ್ಞಾನಿ ಹ್ಯಾರಿಯೆಟ್ ಚಿಕ್ ಮತ್ತು ಸಹೋದ್ಯೋಗಿಗಳು, ಒಣಕಾಳಿನಲ್ಲಿಲ್ಲದ ಸ್ಕರ್ವಿ ತಡೆಯುವ ಗುಣ ಅದೇ ಕಾಳು ಮೊಳಕೆಯೊಡೆದಾಗ ಬರುತ್ತದೆಂದು ಪ್ರಯೋಗದಿಂದ ತೋರಿಸಿದರು. ಮಡಿಕಿ, ಹೆಸರುಗಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ನಮ್ಮ ಮನೆಗಳ ಹಳೆಯ ರೂಢಿಯಾಗಿತ್ತು.

ಖಾನಾವಳಿಯ ತಾಟು

1885ರಲ್ಲಿ ಹುಬ್ಬಳ್ಳಿಯಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಶುರುವಾಯಿತು. ಹತ್ತಿಯ ಗಿರಣಿಗಳೂ ಬಂದವು. ಧಾರವಾಡಕ್ಕೆ ಶಾಲೆ-ಕಾಲೇಜುಗಳನ್ನು ಅರಸಿ ಹಳ್ಳಿಯ ಹುಡುಗರು ಬಂದರು. ಊರು ಬಿಟ್ಟು ಬಂದ ಇವರಿಗೆಲ್ಲ ಊಟ ಬೇಕಿತ್ತು. ಹೀಗೆ ಬೆಳೆದದ್ದು ಈ ಅವಳಿನಗರದ ಖಾನಾವಳಿಗಳು. ಕೆಲವರಿಗೆ ಧಾರವಾಡದ ಮುರುಘಾಮಠದ ಪ್ರಸಾದನಿಲಯ, ಕೆಲವರಿಗೆ ಪರಿಚಯದ ಮನೆಗಳ ವಾರದ ಊಟ, ಉಳಿದವರಿಗೆ ಖಾನಾವಳಿ. ಲಿಂಗಾಯತ ಖಾನಾವಳಿಯ ತಾಟಿನಲ್ಲಿ ರೊಟ್ಟಿ, ಒಂದು ಕಾಯಿಪಲ್ಯ, ಒಂದು ಕಾಳುಪಲ್ಯ, ಹಿಂಡಿ, ಮೊಸರು ಇರುತ್ತವೆ. ಸಾವಜಿ ಖಾನಾವಳಿಯಲ್ಲಿ ಖಾರದ ಮಾಂಸ. ಸಂಜೆಯ ಗಿರಮಿಟ್ಟಿಗೆ ಪುಟಾಣಿ ಹಿಟ್ಟು ಬೇಕು, ಮಿರ್ಚಿ ಭಜಿಗೆ ಕಡಲೆಹಿಟ್ಟು ಬೇಕು. ತಿಂಗಳ ದುಡ್ಡು ಕಟ್ಟಿ ಉಣ್ಣುವ ಕಾರ್ಮಿಕನಿಗೂ ವಿದ್ಯಾರ್ಥಿಗೂ ಅಗ್ಗದ ದರದಲ್ಲಿ ಹೊಟ್ಟೆ ತುಂಬಿಸಲು ಖಾನಾವಳಿಯವರಿಗೆ ಸಾಧ್ಯವಾದದ್ದು ಈ ಕಾಳುಗಳಿಂದಲೇ.

ಅಕ್ಕಿ ಹೆಚ್ಚಿತು, ಬೇಳೆ ತೆಳ್ಳಗಾಯಿತು

ಸ್ವಾತಂತ್ರ್ಯಾನಂತರ ಕ್ಷಾಮಗಳು ನಿಂತವು. ಹಸಿರುಕ್ರಾಂತಿ ಅಕ್ಕಿ-ಗೋಧಿಗಳ ಕಣಜ ತುಂಬಿಸಿತು. ಆದರೆ ಕೇಂದ್ರ ಸರ್ಕಾರದ ಅಂಕಿಗಳ ಪ್ರಕಾರವೇ, 1961ರಲ್ಲಿ ದೇಶದ ಪ್ರತಿಯೊಬ್ಬರ ಪಾಲಿಗೆ ದಿನಕ್ಕೆ 69 ಗ್ರಾಂ ಬೇಳೆಕಾಳು ಲಭ್ಯವಿದ್ದದ್ದು 2001ರಲ್ಲಿ 30 ಗ್ರಾಮಿಗೆ ಇಳಿಯಿತು. ಮುಂದೆ ಸ್ವಲ್ಪ ಚೇತರಿಕೆ ಕಂಡರೂ 1961ರ ಮಟ್ಟ ಮರಳಲಿಲ್ಲ. 2015ರಲ್ಲಿ ತೊಗರಿಬೇಳೆಯ ಬೆಲೆ ಕಿಲೊಗೆ ಇನ್ನೂರು ರೂಪಾಯಿಯ ಹತ್ತಿರ ಹೋದಾಗ ಬಡವರ ಸಾರು ನೀರಾಯಿತು. ಅದರ ಮರುವರ್ಷ, 2016ನ್ನು, ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಬೇಳೆಕಾಳು ವರ್ಷವೆಂದು ಆಚರಿಸಿತು.

ನಮ್ಮ ಜಿಲ್ಲೆಯಲ್ಲಿ ಇದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಅಣ್ಣಿಗೇರಿಯ ಹೆಸರು ಹೊತ್ತ ‘ಅಣ್ಣಿಗೇರಿ-1’ ಕಡಲೆ ತಳಿ ದಶಕಗಳ ಕಾಲ ನಾಡಿನ ಹೊಲಗಳನ್ನು ಆಳಿತು. ನವಲಗುಂದದ ಎರಿಹೊಲಗಳ ಹೆಸರು ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುತ್ತದೆ. ಸುಗ್ಗಿಯಲ್ಲಿ ಸಿಕ್ಕ ಬೆಲೆಗೆ ಕಾಳು ಮಾರಿದ ಸಣ್ಣ ರೈತ ನಾಲ್ಕು ತಿಂಗಳ ಮೇಲೆ ಅದನ್ನೇ ಬೇಳೆಯಾಗಿ ದುಬಾರಿಗೆ ಕೊಳ್ಳುತ್ತಾನೆ. ಕೆಮ್ಮಣ್ಣು ಹಚ್ಚಿ ಒಣಗಿಸಿ ಬೀಸುಕಲ್ಲಿನಲ್ಲಿ ತೊಗರಿ ಒಡೆಯುವುದು, ಬೂದಿ ಬೆರೆಸಿ ಕಾಳು ಕಾಪಿಡುವುದು ಅಪರೂಪವಾಗಿವೆ. ಅಕ್ಕಡಿಯ ಜಾಗದಲ್ಲಿ ಗೋವಿನಜೋಳ, ಹತ್ತಿ, ಸೋಯಾ ಬಂದಿವೆ. ಸೋಯಾ ದ್ವಿದಳವೇ ಆದರೂ ಅದು ಹೊಲದಿಂದ ನೇರವಾಗಿ ಎಣ್ಣೆ ಗಿರಣಿಗೆ ಹೋಗುತ್ತದೆ, ರೈತನ ಅಡುಗೆಮನೆಗಲ್ಲ.

2013ರ ಆಹಾರ ಭದ್ರತಾ ಕಾಯ್ದೆ ಬಡವರಿಗೆ ತಲೆಗೆ ತಿಂಗಳಿಗೆ ಐದು ಕಿಲೊ ಧಾನ್ಯದ ಹಕ್ಕು ಕೊಟ್ಟಿತು. ಅದು ದೊಡ್ಡ ಹೆಜ್ಜೆ. ಅದನ್ನು ಹಗುರವಾಗಿ ನೋಡಲಾಗದು. ಆದರೆ ಆ ಹಕ್ಕಿನಲ್ಲಿ ಬೇಳೆ ಇಲ್ಲ. ಕರ್ನಾಟಕದಲ್ಲಿ ನಡುನಡುವೆ ಪಡಿತರದಲ್ಲಿ ತೊಗರಿಬೇಳೆ ಕೊಟ್ಟದ್ದುಂಟು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಮೊದಲಾದವುಗಳ ಕಿಟ್ ಕೊಡುವ ತೀರ್ಮಾನ ಕೈಗೊಂಡಿತು. ಶಾಲೆಯ ಬಿಸಿಯೂಟದ ನಿಯಮ ಇದಕ್ಕಿಂತ ಮೊದಲೇ ಎಚ್ಚೆತ್ತಿದೆ: ಕಿರಿಯ ಮಕ್ಕಳಿಗೆ 100 ಗ್ರಾಂ ಧಾನ್ಯಕ್ಕೆ 20 ಗ್ರಾಂ, ಹಿರಿಯ ಮಕ್ಕಳಿಗೆ 150 ಗ್ರಾಮಿಗೆ 30 ಗ್ರಾಂ ಬೇಳೆ. ಕಾರ್ನಿಶ್‌ನ ವಾದ ಕೊನೆಗೂ ಸರ್ಕಾರಿ ಕಾಗದದಲ್ಲಿ ಜಾಗ ಪಡೆದಿದೆ.

ಬೇಳೆಯ ಗುಣಗಾನ ಮಾಡುವಾಗ ಒಂದು ಎಚ್ಚರ ಬೇಕು. 2021ರ ಕೊನೆಗೆ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ, ಬೇಳೆಯಿರುವಾಗ ಮೊಟ್ಟೆ ಏಕೆಂಬ ಮಾತು ಕೇಳಿಬಂತು. ಬೇಳೆಯಲ್ಲಿ ಬಿ-12 ಜೀವಸತ್ವ ಇಲ್ಲ, ಮೊಟ್ಟೆಯಲ್ಲಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಮಗುವಿನ ತಾಟಿನಿಂದ ಎತ್ತುವುದು ನ್ಯಾಯವಲ್ಲ. ದಾಲ್ಚಾದ ಹಂಡೆಯಲ್ಲಿ ಬೇಳೆಯೂ ಮಾಂಸವೂ ಜಗಳವಿಲ್ಲದೆ ಬೆಂದಿವೆ.

ಮನೆಯ ಲೆಕ್ಕ ಬಹಳ ಸರಳ. ಐದು ಜನರ ಕುಟುಂಬಕ್ಕೆ ದಿನಕ್ಕೆ ಕಾಲು ಕಿಲೊ ಕಾಳು ಬಂದರೆ ತಲೆಗೆ 50 ಗ್ರಾಂ, ಅದರಿಂದ ಹತ್ತಿರ ಹತ್ತಿರ 12 ಗ್ರಾಂ ಪ್ರೋಟೀನು. ತೊಗರಿ ದುಬಾರಿಯಾದ ತಿಂಗಳು ಹುರುಳಿ, ಮಡಿಕಿ, ಅಲಸಂದಿಗಳಿವೆ. ರಾತ್ರಿ ನೆನೆಸಿಟ್ಟರೆ ಬೇಗ ಬೇಯುತ್ತವೆ, ಗ್ಯಾಸೂ ಉಳಿಯುತ್ತದೆ. ಹುರುಳಿಯ ಕಟ್ಟು ಸಾರಾದರೆ ಕಾಳು ಪಲ್ಯವಾಗುತ್ತದೆ. ಇದನ್ನು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಿಲ್ಲ. ಕಲಿಯಬೇಕಾದವರು ಬಡವರ ಊಟವನ್ನು ಕಿಲೊ ಅಕ್ಕಿಯಲ್ಲಿ ಮಾತ್ರ ಅಳೆಯುವವರು. ನೂರೈವತ್ತು ವರ್ಷಗಳ ಹಿಂದೆ ಒಂದು ಪೌಂಡ್ ಧಾನ್ಯ ಸಾಕೆಂದವರ ಲೆಕ್ಕದಲ್ಲಿ ಏನು ತಪ್ಪಿತ್ತೆಂಬುದು ಈ ಜಿಲ್ಲೆಯ ಜನಗಣತಿಯಲ್ಲಿ ದಾಖಲಾಗಿದೆ. ಅದನ್ನು ಓದಿಕೊಂಡವರು ಪಡಿತರ ಚೀಟಿಯಲ್ಲಿ ಬೇಳೆಗೆ ಕಾಯಂ ಜಾಗ ಕೊಡದೆ ಇರಲಾರರು.