ಜನಾಂಗವಿಶೇಷಾಧಿಕಾರದ ವ್ಯಾಪ್ತಿ

ಒಂದು ಜನಾಂಗಕ್ಕೆ ಶಾಸನವು ವಿಶೇಷಾಧಿಕಾರವನ್ನು ಕೊಟ್ಟಾಗ, ಅದು ಆ ಜನಾಂಗದಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಸಲ್ಲುವುದೋ ಅಥವಾ ಅವರಲ್ಲಿ ಧನವಂತರೂ ಅಧಿಕಾರಸ್ಥರೂ ಆದ ಕೆಲವರಿಗೆ ಮಾತ್ರ ಸಲ್ಲುವುದೋ ಎಂಬುದು ವಿವಾದಗ್ರಸ್ತವಾದ ವಿಷಯ. ಇದರ ನಿರ್ಣಯಕ್ಕೆ ಉಪಯುಕ್ತವಾದ ನಿದರ್ಶನವೊಂದು ಬ್ರಿಟಿಷರ ಆಳ್ವಿಕೆಯ ಹಿಂದೂಸ್ಥಾನದಲ್ಲಿಯೇ ಉಂಟು. ಐರೋಪ್ಯನನ್ನು ಮೇಲೆತ್ತುವ ಶಾಸನವೊಂದೂ, ಅದೇ ಐರೋಪ್ಯನು ದರಿದ್ರನಾದರೆ ಅವನನ್ನು ದೇಶದಿಂದ ಸಾಗಹಾಕುವ ಶಾಸನವೊಂದೂ ಅಲ್ಲಿ ಏಕಕಾಲದಲ್ಲಿ ಜಾರಿಯಲ್ಲಿದ್ದವು.

ಮೊದಲನೆಯದು 1872ರ ಕ್ರಿಮಿನಲ್ ಪ್ರೊಸೀಜರ್ ಕೋಡು. ಜಿಲ್ಲೆಗಳಲ್ಲಿ 'ಯೂರೋಪಿಯನ್ ಬ್ರಿಟಿಷ್ ಪ್ರಜೆ' ಎನಿಸಿದವನ ಅಪರಾಧವನ್ನು ವಿಚಾರಿಸುವ ಮ್ಯಾಜಿಸ್ಟ್ರೇಟನೂ ಸೆಷನ್ಸ್ ನ್ಯಾಯಾಧೀಶನೂ ತಾವೂ ಅದೇ ವರ್ಗದವರಾಗಿರಬೇಕೆಂದು ಅದು ವಿಧಿಸಿತು. ಅಂಥವನಿಗೆ ಸೆಷನ್ಸ್ ನ್ಯಾಯಾಧೀಶನು ಒಂದು ವರ್ಷಕ್ಕಿಂತ ಹೆಚ್ಚಿನ ಸೆರೆಯನ್ನು ವಿಧಿಸುವಂತಿರಲಿಲ್ಲ. ಅದಕ್ಕಿಂತ ಗುರುತರವಾದ ಮೊಕದ್ದಮೆಗಳು ಹೈಕೋರ್ಟಿಗೆ ಹೋಗಬೇಕಾಗಿತ್ತು. ಮೈಸೂರು ಸಂಸ್ಥಾನವನ್ನು 1881ರಲ್ಲಿ ಮಹಾರಾಜರಿಗೆ ಹಿಂದಿರುಗಿಸಿದಾಗಲೂ ಈ ವರ್ಗದವರ ಮೇಲಿನ ನ್ಯಾಯಾಧಿಕಾರವನ್ನು ಗವರ್ನರ್ ಜನರಲರು ತಮ್ಮಲ್ಲಿಯೇ ಉಳಿಸಿಕೊಂಡರು. ಕಲ್ಕತ್ತೆಯ ಪ್ರೆಸಿಡೆನ್ಸಿ ಮ್ಯಾಜಿಸ್ಟ್ರೇಟರಾಗಿ ಐರೋಪ್ಯರನ್ನು ವಿಚಾರಿಸುತ್ತಿದ್ದ ಬಿಹಾರಿ ಲಾಲ್ ಗುಪ್ತರು, ಜಿಲ್ಲೆಗೆ ಬಡ್ತಿ ಹೊಂದಿದರೆ ಆ ಅಧಿಕಾರವನ್ನೇ ಕಳೆದುಕೊಳ್ಳಬೇಕಾಗುವ ವೈಪರೀತ್ಯವನ್ನು 1882ರಲ್ಲಿ ಸರ್ಕಾರದ ಗಮನಕ್ಕೆ ತಂದರು. ಇದನ್ನು ಸರಿಪಡಿಸಲು 1883ರಲ್ಲಿ ಇಲ್ಬರ್ಟರು ತಂದ ಮಸೂದೆಯ ವಿರುದ್ಧ ತೋಟಗಾರರೂ ವರ್ತಕರೂ ಬ್ಯಾರಿಸ್ಟರರೂ ಉಗ್ರವಾದ ಚಳವಳಿಯನ್ನು ಹೂಡಿದರು. ಕಡೆಗೆ 1884ರ ಶಾಸನವು ಭಾರತೀಯ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಸೆಷನ್ಸ್ ನ್ಯಾಯಾಧೀಶರಿಗೂ ಅಧಿಕಾರವನ್ನೇನೋ ಕೊಟ್ಟಿತು. ಆದರೆ ಅರ್ಧಕ್ಕೆ ಕಡಮೆಯಿಲ್ಲದಂತೆ ಐರೋಪ್ಯರೋ ಅಮೆರಿಕನರೋ ಇರುವ ಜ್ಯೂರಿಯನ್ನು ಕೇಳುವ ಹಕ್ಕನ್ನು ಆರೋಪಿಗೆ ಕೊಟ್ಟು, ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಿತು.

ಎರಡನೆಯದು ಐರೋಪ್ಯ ಅಲೆಮಾರಿಗಳನ್ನು ಕುರಿತ ಶಾಸನ. 1869ರಲ್ಲಿ ಹುಟ್ಟಿ 1874ರಲ್ಲಿ ಪುನಾರಚಿತವಾದ ಇದು, ಭಿಕ್ಷೆ ಬೇಡುವ ಅಥವಾ ಜೀವನೋಪಾಯವಿಲ್ಲದೆ ತಿರುಗುವ ಐರೋಪ್ಯನನ್ನು ಹಿಡಿದು ಸರ್ಕಾರದ ದುಡಿಮೆಮನೆಯಲ್ಲಿಡಲು ಅವಕಾಶ ಮಾಡಿತು. ಐದು ವರ್ಷ ಹಿಂದಿರುಗುವುದಿಲ್ಲವೆಂದು ಕರಾರು ಬರೆಯಿಸಿಕೊಂಡು, ಸರ್ಕಾರದ ಖರ್ಚಿನಲ್ಲಿಯೇ ಅವನನ್ನು ಹಡಗು ಹತ್ತಿಸಬಹುದಾಗಿತ್ತು.

ಇಲ್ಲಿ ಪೂರ್ವಪಕ್ಷವಾದಿಯು ಹೇಳಬಹುದು: "ಬೀದಿಯಲ್ಲಿ ಬೇಡುವ ಬಿಳಿಯನಿಗೆ ಯಾವ ವಿಶೇಷಾಧಿಕಾರ? ಅವನು ದುಡಿಮೆಮನೆಯ ಪಾಲು. ಆದುದರಿಂದ ಅಧಿಕಾರವು ಧನದಿಂದ ಬಂದುದೇ ಹೊರತು ಜನಾಂಗದಿಂದ ಬಂದುದಲ್ಲ." ಈ ಮಾತಿನ ಮೊದಲ ಭಾಗದಲ್ಲಿ ಸತ್ಯಾಂಶವುಂಟು. ಅಷ್ಟೇ ಅಲ್ಲ, ಜನಾಂಗದ ಎಲ್ಲೆಯೂ ಏಕರೂಪವಾಗಿರಲಿಲ್ಲ. ಮಂಗಳೂರು, ಧಾರವಾಡಗಳಲ್ಲಿ ಕನ್ನಡಕ್ಕೆ ದುಡಿದ ಬಾಸೆಲ್ ಮಿಷನ್ನಿನ ಜರ್ಮನರು ಐರೋಪ್ಯರಾಗಿದ್ದರೂ ಜನ್ಮತಃ 'ಯೂರೋಪಿಯನ್ ಬ್ರಿಟಿಷ್ ಪ್ರಜೆ'ಗಳಾಗಿರಲಿಲ್ಲ. 1914ರಲ್ಲಿ ಯುದ್ಧವು ಆರಂಭವಾದ ಬಳಿಕ ಅವರಲ್ಲಿ ಅನೇಕರು ಶಿಬಿರಬಂಧನಕ್ಕೆ ಒಳಗಾದರು. ಧರ್ಮವಿವಾಹದ ಸಂತಾನವಾದ ಮಿಶ್ರಜನ್ಮದವನು ಕ್ರಿಮಿನಲ್ ಕೋಡಿನ ಲಕ್ಷಣಕ್ಕೆ ಒಳಪಡಬಹುದಾಗಿತ್ತು. ಅಲೆಮಾರಿಶಾಸನವಾದರೋ 'ಯುರೇಷಿಯನ್' ಎಂದು ಕರೆಯಲ್ಪಡುವವರನ್ನು ಹೊರಗಿಟ್ಟಿತು.

ಆದರೂ ಪೂರ್ವಪಕ್ಷದ ನಿಗಮನವು ನಿಲ್ಲುವುದಿಲ್ಲ. ನೈಯಾಯಿಕರು ಸ್ವರೂಪಯೋಗ್ಯತೆ ಬೇರೆ, ಫಲೋಪಧಾಯಕತೆ ಬೇರೆ ಎನ್ನುತ್ತಾರೆ. ಕಣಜದಲ್ಲಿರುವ ಬೀಜವು ಮೊಳೆಯುವುದಿಲ್ಲ. ಆದರೂ ಅದರಲ್ಲಿ ಮೊಳೆಯುವ ಯೋಗ್ಯತೆಯುಂಟು, ಕಲ್ಲಿನ ಚೂರಿನಲ್ಲಿ ಅದಿಲ್ಲ. ನೆಲವೂ ನೀರೂ ಕೂಡಿದಾಗ ಬೀಜವು ಮೊಳೆಯುತ್ತದೆ, ಕಲ್ಲು ಕಲ್ಲಾಗಿಯೇ ಇರುತ್ತದೆ. ದರಿದ್ರನಾದ ಐರೋಪ್ಯ ಬ್ರಿಟಿಷ್ ಪ್ರಜೆಯ ಹಕ್ಕು ಕಣಜದ ಬೀಜದಂಥದು. ದಿನನಿತ್ಯದಲ್ಲಿ ಅದು ಅವನಿಗೆ ಅನ್ನವನ್ನು ಕೊಡಲಿಲ್ಲ. ಆದರೆ ಅವನು ಒಬ್ಬ ಕೂಲಿಯನ್ನು ಹೊಡೆದು ಕಟಕಟೆಗೆ ಬಂದ ದಿನ ಆ ಹಕ್ಕು ಎಚ್ಚೆತ್ತು ನಿಲ್ಲುತ್ತಿತ್ತು; ಅವನಿಗಿಂತ ನೂರು ಪಾಲು ಧನವಂತನಾದ ಭಾರತೀಯ ಜಮೀನುದಾರನಿಗೆ ಆ ಹಕ್ಕು ಎಂದೂ ಒದಗುವಂತಿರಲಿಲ್ಲ. ಧನವೇ ಕಾರಣವಾಗಿದ್ದರೆ ಇದು ಉಪಪನ್ನವಾಗುವುದಿಲ್ಲ.

ಅಲೆಮಾರಿಶಾಸನವೂ ಇದಕ್ಕೆ ವಿರುದ್ಧವಾದ ಸಾಕ್ಷ್ಯವಲ್ಲ. ಬೇಡುವ ಭಾರತೀಯನನ್ನು ದೇಶ ಬಿಡಿಸುವ ಯೋಚನೆ ಯಾರಿಗೂ ಬರಲಿಲ್ಲ. ಬೇಡುವ ಬಿಳಿಯನೊಬ್ಬನನ್ನು ಕಂಡರೆ ಆಳುವ ಜನಾಂಗದ ಪ್ರತಿಷ್ಠೆಗೆ ಕುಂದು ಎಂಬ ಭಾವನೆಯೇ ಇಂಥ ಶಾಸನಕ್ಕೆ ಪ್ರೇರಕವಾಯಿತು. ಸಮುದಾಯದ ಮೇಲ್ಮೆಯನ್ನು ಕಾಯುವುದಕ್ಕಾಗಿ ಆ ಸಮುದಾಯದ ಬಡವನನ್ನೇ ಮರೆಮಾಡಲಾಯಿತು. ಅವನು ಅಧಿಕಾರದಲ್ಲಿ ಭಾಗಿ, ಭೋಗದಲ್ಲಿ ವಂಚಿತ. ಅವನ ವಂಚನೆಯು ನಿಜವೆಂದು ಒಪ್ಪಿದ ಮಾತ್ರಕ್ಕೆ ಅಧಿಕಾರವು ಸುಳ್ಳಾಗುವುದಿಲ್ಲ. ಅಧಿಕಾರವು ನಿಜವೆಂದು ಸಾಧಿಸಿದ ಮಾತ್ರಕ್ಕೆ ಅವನು ಸುಖಿಯಾಗಿದ್ದನೆಂದೂ ಆಗುವುದಿಲ್ಲ.

ಆದುದರಿಂದ ಇಂಥ ವಿವಾದದಲ್ಲಿ ಹಕ್ಕುಳ್ಳವನ ಮನೆಯನ್ನು ಮಾತ್ರ ನೋಡಿ ತೀರ್ಮಾನಿಸುವುದು ಸಾಲದು. ಹಕ್ಕಿಲ್ಲದವನ ಕಡೆಯಿಂದಲೂ ನೋಡಬೇಕು. ಪೆಟ್ಟು ತಿಂದ ಕೂಲಿಗೆ, ಹೊಡೆದವನು ತೋಟದ ಒಡೆಯನೋ ಕೆಲಸ ಕಳೆದುಕೊಂಡ ಸಿಪಾಯಿಯೋ ಎಂಬ ಭೇದವಿರಲಿಲ್ಲ. ಇಬ್ಬರ ವಿಷಯದಲ್ಲಿಯೂ ಊರ ಕಚೇರಿಯ ಭಾರತೀಯ ಮ್ಯಾಜಿಸ್ಟ್ರೇಟನು ಕೈಕಟ್ಟಿ ಕುಳಿತಿರಬೇಕಾಗಿತ್ತು. ಈ ಭೇದಗಳನ್ನು 1923ರ ತಿದ್ದುಪಡಿಯು ಬಹುಮಟ್ಟಿಗೆ ಕುಗ್ಗಿಸಿತು. ಉಳಿದುದನ್ನು ಸ್ವತಂತ್ರ ಭಾರತದ 1949ರ ಶಾಸನವು ತೆಗೆದುಹಾಕಿತು. ಆ ಶಾಸನವು ಹಕ್ಕುಳ್ಳವರಲ್ಲಿ ಧನಿಕನಾರು ದರಿದ್ರನಾರು ಎಂದು ಎಣಿಸಲಿಲ್ಲ. ಎಣಿಸಬೇಕಾದ ಅಗತ್ಯವೂ ಇರಲಿಲ್ಲ.