ಬಾಗಿಲ ಮರೆಯ ಸಾರಾ: ರೆಂಬ್ರಾಂಟನ ಒಂದು ಎಚ್ಚಿಂಗ್

ಬರೋಕ್ ಕಾಲದ ಬೈಬಲ್ ಚಿತ್ರಗಳಲ್ಲಿ ಬೆಳಕೆಂದರೆ ಮುಗಿಲು ಸೀಳಿ ಇಳಿಯುವ ಕಿರಣವೆಂದೇ ನಾವು ಭಾವಿಸುವುದುಂಟು. ರೆಂಬ್ರಾಂಟನು 1653ರಲ್ಲಿ ಕೆತ್ತಿದ 'ಮೂರು ಶಿಲುಬೆಗಳು' ಅಂಥದೇ. ಆದರೆ 1656ರಲ್ಲಿ ಅವನು ತಾಮ್ರದ ತಗಡಿನ ಮೇಲೆ ರಚಿಸಿದ ಅಬ್ರಹಾಮನ ಆತಿಥ್ಯದ ಎಚ್ಚಿಂಗಿನಲ್ಲಿ ಆ ಕಿರಣವಿಲ್ಲ. ಅಂಗೈಗಿಂತ ತುಸು ದೊಡ್ಡದಾದ ಈ ಚಿತ್ರದ ವಿನ್ಯಾಸಕ್ಕೆ ಮೂಲ ಭಾರತದ್ದು. ಮರದಡಿ ಕುಳಿತ ಹಿರಿಯರ ಮೊಘಲ್ ಕಿರುಚಿತ್ರವೊಂದನ್ನು ಅವನು ನಕಲು ಮಾಡಿಕೊಂಡಿದ್ದನು. ಆ ರೇಖಾಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆದ್ದರಿಂದಲೇ ಇಲ್ಲಿ ದೇವರೂ ದೂತರೂ ಮೇಜಿಗೆ ಕೂರದೆ, ನಮ್ಮ ದುಂಡಸಿ ಸೀಮೆಯ ಪಂಕ್ತಿಭೋಜನದಂತೆ, ನೆಲದ ಮೇಲೆ ಕುಳಿತಿದ್ದಾರೆ.

ಅತಿಥಿಗಳ ಬಳಿ ಗೆರೆಗಳು ವಿರಳ. ಬರಿದಾಗಿ ಉಳಿದ ಕಾಗದವೇ ಬೆಳಕು. ಒತ್ತೊತ್ತಾಗಿ ಗೀರಿದ ಕತ್ತಲೆ ಬಾಗಿಲಿಗೆ ಮೀಸಲು. ಅಲ್ಲಿ ಸಾರಾ ನಿಂತು ಆಲಿಸುತ್ತಾಳೆ. ಆದಿಕಾಂಡದ 18ನೆಯ ಅಧ್ಯಾಯದಲ್ಲಿ ಅವಳು ಮನದಲ್ಲೇ ನಕ್ಕು, ಬಳಿಕ ಅಂಜಿ, ನಗಲಿಲ್ಲವೆನ್ನುತ್ತಾಳೆ. ಆ ನಗುವಿಗೂ ಅಂಜಿಕೆಗೂ ಒಂದೇ ನೆರಳು ಸಾಕಾಗಿದೆ.

ಆ ಅಧ್ಯಾಯದಲ್ಲಿ ಹೆಸರೇ ಬಾರದ ಇಷ್ಮಾಯೇಲನನ್ನೂ ಕಲಾವಿದನು ಕರೆತಂದಿದ್ದಾನೆ: ನಮಗೆ ಬೆನ್ನು ಮಾಡಿ ಬಿಲ್ಲು ಹೂಡಿದ ಬಾಲಕ. ಇಸಾಕನ ವಾಗ್ದಾನ ಇವನನ್ನು ಮುಂದೆ ಮನೆಯಿಂದ ಹೊರಗಟ್ಟಲಿದೆ. ಆಟದಲ್ಲಿ ಮುಳುಗಿದವನಿಗೆ ಅದು ಕೇಳಿಸಿಲ್ಲ. ಈ ವಾಚನದ ಮೇಲಿನ ಪ್ರಬೋಧನೆಗಳು ಬಹುತೇಕ ಆತಿಥ್ಯವನ್ನು ಕೊಂಡಾಡಿ ಮುಗಿಯುತ್ತವೆ. ರೆಂಬ್ರಾಂಟನಾದರೋ ಆ ಬೆನ್ನನ್ನು ಅತಿಥಿಗಳ ಹಿಂದೆಯೇ ನಿಲ್ಲಿಸಿದನು.