‘ರಥಮುಸಲ’: ಒನಕೆಯೋ ಸುತ್ತಿಗೆಯೋ?

ಶ್ವೇತಾಂಬರ ಆಗಮಗಳಲ್ಲಿ ಐದನೆಯ ಅಂಗವಾದ ಭಗವತೀ ಸೂತ್ರದ 7ನೆಯ ಶತಕ, 9ನೆಯ ಉದ್ದೇಶಕದಲ್ಲಿ ಎರಡು ಯುದ್ಧಗಳ ಪ್ರಸ್ತಾಪವಿದೆ. ಒಂದು ಮಹಾಶಿಲಾಕಂಟಕ, ಇನ್ನೊಂದು ರಥಮುಸಲ (ಪ್ರಾಕೃತದಲ್ಲಿ ‘ರಹಮುಸಲ’). ಎರಡರಲ್ಲಿಯೂ ಗೆದ್ದವನು ಮಗಧದ ಕೂಣಿಕ, ಎಂದರೆ ಬೌದ್ಧ ಗ್ರಂಥಗಳ ಅಜಾತಶತ್ರು. ಸೋತವರು ಒಂಬತ್ತು ಮಲ್ಲರು, ಒಂಬತ್ತು ಲಿಚ್ಛವಿಗಳು, ಹೀಗೆ ಕಾಶಿ-ಕೋಸಲದ ಹದಿನೆಂಟು ಗಣರಾಜರು. ಎರಡನೆಯ ಯುದ್ಧಕ್ಕೆ ಆ ಹೆಸರೇಕೆ ಬಂದಿತೆಂಬುದನ್ನು ಸೂತ್ರವೇ ವಿವರಿಸುತ್ತದೆ: ಕುದುರೆಯಿಲ್ಲದ, ಸಾರಥಿಯಿಲ್ಲದ, ಯೋಧನಿಲ್ಲದ, ಮುಸಲಸಹಿತವಾದ ಒಂದು ರಥವು ರಣರಂಗದಲ್ಲೆಲ್ಲ ಸುತ್ತಿ ಜನರನ್ನು ಮರ್ದಿಸಿತು.

ಈ ‘ಮುಸಲ’ವನ್ನು ಕನ್ನಡದಲ್ಲಿ ಹೇಗೆ ಗ್ರಹಿಸಬೇಕು? ಗದೆ, ಸುತ್ತಿಗೆ, ಸಮ್ಮಟಿಗೆ ಎಂಬ ಪದಗಳು ಸುಲಭವಾಗಿ ನಾಲಗೆಗೆ ಬರುತ್ತವೆ. ಆದರೆ ಹಿಡಿಗೆ ಅಡ್ಡಲಾಗಿ ಭಾರವಾದ ತಲೆಯನ್ನು ಕೂಡಿಸಿದ ಸಾಧನ ಸುತ್ತಿಗೆ. ಅದಕ್ಕೆ ಸಂಸ್ಕೃತದಲ್ಲಿ ‘ಮುದ್ಗರ’ ಎಂಬ ಬೇರೆಯ ಶಬ್ದವೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ 2ನೆಯ ಅಧಿಕರಣವು ಚಲಯಂತ್ರಗಳನ್ನು ಎಣಿಸುವಾಗ ಮುಸಲ, ಮುದ್ಗರ, ಗದಾ ಎಂದು ಮೂರನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಮುಸಲವೆಂದರೆ ನೆಟ್ಟಗಿನ ದಂಡ, ನಮ್ಮ ಒನಕೆ. ಬಲರಾಮನ ಆಯುಧವೂ ಅದೇ. ‘ಮುಸಲಧಾರೆ’ ಎಂಬ ಮಳೆಯ ವರ್ಣನೆಯಲ್ಲಿರುವುದೂ ಅದೇ.

ಪದದ ಈ ಅರ್ಥ ಕಥೆಯ ತಿರುಳಿಗೂ ಸಂಬಂಧಿಸಿದೆ. ಒರಳಿಗೆ ಬಿದ್ದ ಕಾಳುಗಳಲ್ಲಿ ಒನಕೆ ಇದು, ಅದು ಎಂದು ಆರಿಸುವುದಿಲ್ಲ. ಅದೇ ಯುದ್ಧಕ್ಕೆ ಹೋಗಬೇಕಾಗಿ ಬಂದ ವೈಶಾಲಿಯ ಶ್ರಾವಕ ವರುಣನಾದರೋ ತನ್ನ ಮೇಲೆ ಮೊದಲು ಪ್ರಹರಿಸಿದವನನ್ನಲ್ಲದೆ ಬೇರಾರನ್ನೂ ಹೊಡೆಯೆನೆಂದು ವ್ರತ ತೊಟ್ಟಿದ್ದ. ಎದುರಾಳಿಯ ಬಾಣ ನಾಟಿದ ಬಳಿಕವೇ ಅವನು ಬಾಣ ಬಿಟ್ಟ. ಅನಂತರ ಏಕಾಂತಕ್ಕೆ ಸರಿದು ಸಮಾಧಿಮರಣವನ್ನು ಪಡೆದ. ಯೋಧನೇ ಇಲ್ಲದ ರಥದಲ್ಲಿ ಇಂಥ ವ್ರತ ತೊಡುವವರು ಯಾರು?

ರಣದಲ್ಲಿ ಮಡಿದವರೆಲ್ಲ ದೇವಲೋಕಕ್ಕೆ ಹೋಗುವರೆಂಬ ಜನರ ಮಾತು ನಿಜವೇ ಎಂದು ಗೌತಮ ಗಣಧರರು ಕೇಳಿದಾಗ, ಅದು ಮಿಥ್ಯೆಯೆಂದ ಮಹಾವೀರರು ಈ ವರುಣನ ಕಥೆಯನ್ನು ಹೇಳುತ್ತಾರೆ. ಸೂತ್ರದ ಎಣಿಕೆಯಂತೆ ರಥಮುಸಲದಲ್ಲಿ ಸತ್ತವರು 96 ಲಕ್ಷ. ದೇವಗತಿಗೆ ಸಂದವನು ಒಬ್ಬನೇ. ಈ ಸಂಖ್ಯೆಯನ್ನು ಇತಿಹಾಸದ ಲೆಕ್ಕವೆಂದು ಓದಬೇಕಾಗಿಲ್ಲ. ವೀರಸ್ವರ್ಗದ ಕಲ್ಪನೆಯ ನಿರಾಕರಣೆಯೆಂದು ಓದಬೇಕು. ಆದ್ದರಿಂದ ಅನುವಾದಕರು ‘ರಥಮುಸಲ’ವನ್ನು ಹಾಗೆಯೇ ಉಳಿಸಿಕೊಂಡು, ‘ಒನಕೆ ಕಟ್ಟಿದ ರಥ’ ಎಂದು ಅರ್ಥ ಬರೆಯುವುದು ಲೇಸು.